ಬೈದ ಮೇಲೆ ಸರಿಹೋಯಿತಲ್ಲ, ಅದು ಬೈಗುಳದ ಫಲವೇ?

ಯಾರಿಗಾದರೂ ಏನನ್ನಾದರೂ ಕಲಿಸುವ ಹೊಣೆ ಹೊತ್ತವರ ಜೊತೆ ಸ್ವಲ್ಪ ಹೊತ್ತು ಮಾತಾಡಿ ನೋಡಿ. ಅಪ್ಪ ಅಮ್ಮ ಇರಲಿ, ಮೇಷ್ಟ್ರು ಇರಲಿ, ಆಟದ ಕೋಚ್ ಇರಲಿ, ಹೊಸಬರನ್ನು ತಯಾರು ಮಾಡುವ ಕಚೇರಿಯ ಹಿರಿಯರಿರಲಿ, ಈ ಮಾತು ಬಂದೇ ಬರುತ್ತದೆ: “ಹೊಗಳಿದರೆ ತಲೆ ಮೇಲೆ ಕೂರ್ತಾರೆ. ಒಂದ್ಸಲ ಚೆನ್ನಾಗಿ ಬೈದು ನೋಡಿ, ಮಾರನೇ ದಿನವೇ ಸರಿಹೋಗ್ತಾರೆ.”

ಇದನ್ನು ಹೇಳುವವರನ್ನು ಕಲ್ಲೆದೆಯವರು ಎಂದು ತಳ್ಳಿಹಾಕಿಬಿಡಬಹುದು. ನನ್ನಿಂದ ಅದಾಗದು, ಎಷ್ಟೋ ವರ್ಷ ನಾನೂ ಇದನ್ನೇ ನಂಬಿದ್ದೆ. ಲೆಕ್ಕಪತ್ರದ ಕೆಲಸಕ್ಕೆ ಹೊಸದಾಗಿ ಬಂದವರನ್ನು ತಿದ್ದಿ ತೀಡುವುದು ನನ್ನ ಪಾಲಿಗಿತ್ತು. ತಪ್ಪು ಕಂಡರೆ ಎಲ್ಲರೆದುರೇ ರೇಗುತ್ತಿದ್ದೆ. ಮಾರನೆಯ ದಿನ ತಪ್ಪು ಕಡಿಮೆಯಾಗಿರುತ್ತಿತ್ತು. ಮದ್ದು ಹಿಡಿಯಿತು ಎಂದುಕೊಳ್ಳುತ್ತಿದ್ದೆ. ಹೀಗಿರುವಾಗ ಒಂದು ದಿನ, ಒಬ್ಬ ಹುಡುಗ ತಾಳೆಯಾಗದ ಒಂದು ಮೊತ್ತವನ್ನು ಮೂರು ತಿಂಗಳಿಂದ ಈ ಖಾತೆಯಿಂದ ಆ ಖಾತೆಗೆ ದಾಟಿಸುತ್ತಾ ಬಂದಿರುವುದು ಗೊತ್ತಾಯಿತು. ಹಣ ಎಲ್ಲೂ ಹೋಗಿರಲಿಲ್ಲ, ಒಂದು ನಮೂದು ಎರಡು ಸಲ ಬಿದ್ದಿತ್ತು ಅಷ್ಟೆ. ಮೊದಲ ದಿನವೇ ಬಂದು ಕೇಳಿದ್ದರೆ ಹತ್ತು ನಿಮಿಷದ ಕೆಲಸ. “ಯಾಕಪ್ಪಾ ಹೇಳಲಿಲ್ಲ?” ಎಂದೆ. “ಹೇಳೋಕೆ ಭಯ ಆಯ್ತು ಸರ್” ಎಂದ. ಆ ಮೂರು ತಿಂಗಳು ಅವನು ಹೇಗೆ ನಿದ್ದೆ ಮಾಡಿದ್ದನೋ ಎಂದು ಈಗಲೂ ಅನ್ನಿಸುತ್ತದೆ.

ಬೈಗುಳ ಕೆಲಸ ಮಾಡುತ್ತದೆ ಎಂಬ ನನ್ನ ಅನುಭವದಲ್ಲಿ ನಿಜ ಎಷ್ಟು ಎಂದು ಹುಡುಕಲು ಹೊರಟದ್ದು ಆಮೇಲೆ. ಸಿಕ್ಕ ಉತ್ತರ ನಾನು ನಿರೀಕ್ಷಿಸಿದ್ದಕ್ಕಿಂತ ಬೇರೆ ಇತ್ತು. ಕಣ್ಣು ಕಂಡದ್ದು ನಿಜ, ಅದಕ್ಕೆ ನಾನು ಕೊಟ್ಟುಕೊಂಡ ಕಾರಣ ಮಾತ್ರ ತಪ್ಪು.

ವಾಯುಪಡೆಯ ತರಬೇತುದಾರರ ವಾದ

ಡೇನಿಯಲ್ ಕಾನೆಮನ್ ಎಂಬ ಮನಶ್ಶಾಸ್ತ್ರಜ್ಞರಿಗೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಅದಕ್ಕೆ ಬಹಳ ಹಿಂದೆ ಅವರು ಇಸ್ರೇಲಿನ ವಾಯುಪಡೆಯಲ್ಲಿ ವಿಮಾನ ಹಾರಿಸಲು ಕಲಿಸುವವರಿಗೆ ಕಲಿಕೆಯ ಮನಶ್ಶಾಸ್ತ್ರ ಹೇಳಿಕೊಡುತ್ತಿದ್ದರು. ಶಿಕ್ಷೆಗಿಂತ ಮೆಚ್ಚುಗೆಯಿಂದ ಕಲಿಕೆ ಹೆಚ್ಚು ಎಂದು ಅವರು ಹೇಳುತ್ತಿದ್ದಾಗ ಅನುಭವಿ ತರಬೇತುದಾರರೊಬ್ಬರು ಎದ್ದು ನಿಂತರು. ಪ್ರಯೋಗಕ್ಕೆ ಬಳಸುವ ಹಕ್ಕಿಗಳ ವಿಷಯದಲ್ಲಿ ಅದು ಸರಿ ಇರಬಹುದು, ನಮ್ಮ ಹುಡುಗರ ವಿಷಯದಲ್ಲಿ ಅಲ್ಲ ಎಂಬುದು ಅವರ ವಾದ. ಅದ್ಭುತವಾಗಿ ಹಾರಿಸಿದವನನ್ನು ಹೊಗಳಿದರೆ ಮುಂದಿನ ಸಲ ಅವನು ಕೆಡಿಸುತ್ತಾನೆ, ಕೆಟ್ಟದಾಗಿ ಹಾರಿಸಿದವನ ಮೇಲೆ ಕೂಗಾಡಿದರೆ ಮುಂದಿನ ಸಲ ಸುಧಾರಿಸುತ್ತಾನೆ, ಇದನ್ನು ನಾನು ಎಷ್ಟು ಸಲ ಕಂಡಿಲ್ಲ ಎಂದರು.

ಕಾನೆಮನ್ ಅಲ್ಲೇ ನೆಲದ ಮೇಲೊಂದು ಗುರುತು ಹಾಕಿದರು. ಅಧಿಕಾರಿಗಳೆಲ್ಲ ಗುರುತಿಗೆ ಬೆನ್ನು ಹಾಕಿ ನಿಂತು, ತಿರುಗಿ ನೋಡದೆ, ಎರಡೆರಡು ನಾಣ್ಯ ಎಸೆಯಬೇಕು. ಮೊದಲ ಸಲ ತೀರಾ ಹತ್ತಿರ ಎಸೆದವರಲ್ಲಿ ಹೆಚ್ಚಿನವರ ಎರಡನೆಯ ನಾಣ್ಯ ದೂರ ಬಿತ್ತು. ಮೊದಲು ಎಲ್ಲೋ ದೂರ ಎಸೆದವರಲ್ಲಿ ಹೆಚ್ಚಿನವರು ಎರಡನೆಯ ಸಲ ಹತ್ತಿರ ಬಂದರು. ಅಲ್ಲಿ ಯಾರೂ ಯಾರನ್ನೂ ಹೊಗಳಿರಲಿಲ್ಲ, ಬೈದಿರಲೂ ಇಲ್ಲ.

ಇದನ್ನು ಸಂಖ್ಯಾಶಾಸ್ತ್ರದಲ್ಲಿ ಸರಾಸರಿಯತ್ತ ಮರಳುವಿಕೆ ಎನ್ನುತ್ತಾರೆ. ಫ್ರಾನ್ಸಿಸ್ ಗಾಲ್ಟನ್ 1886ರಲ್ಲೇ ತಂದೆತಾಯಿ ಮತ್ತು ಮಕ್ಕಳ ಎತ್ತರಗಳಲ್ಲಿ ಇದನ್ನು ತೋರಿಸಿದ್ದರು. ಕಲಿಕೆಗೆ ಇದನ್ನು ಹೊಂದಿಸಿ ನೋಡೋಣ. ಒಬ್ಬಳು ನೂರು ನಮೂದು ಬರೆದರೆ ಸಾಮಾನ್ಯವಾಗಿ ಹತ್ತು ತಪ್ಪು ಮಾಡುತ್ತಾಳೆ ಎಂದಿಟ್ಟುಕೊಳ್ಳಿ. ದಿನವೂ ಸರಿಯಾಗಿ ಹತ್ತೇ ಆಗುವುದಿಲ್ಲ. ನಿದ್ದೆ ಚೆನ್ನಾಗಿ ಆದ ದಿನ, ಸುಲಭದ ಕಾಗದಗಳು ಬಂದ ದಿನ ನಾಲ್ಕೇ ಆಗಬಹುದು, ಇನ್ನೊಂದು ದಿನ ಹದಿನೇಳೂ ಆಗಬಹುದು. ನಾವು ರೇಗುವುದು ಯಾವ ದಿನ? ಹದಿನೇಳು ಆದ ದಿನ. ಮಾರನೆಯ ದಿನ ಅವಳು ತನ್ನ ಎಂದಿನ ಹತ್ತರ ಆಸುಪಾಸಿಗೆ ಬರುತ್ತಾಳೆ, ನಾವು ರೇಗಿದ್ದರೂ ಬರುತ್ತಿದ್ದಳು, ಸುಮ್ಮನಿದ್ದರೂ ಬರುತ್ತಿದ್ದಳು. ನಾವು ಮೆಚ್ಚುವುದು ಯಾವ ದಿನ? ನಾಲ್ಕೇ ತಪ್ಪಾದ ದಿನ. ಮಾರನೆಯ ದಿನವೂ ಅವಳು ಅದೇ ಹತ್ತರ ಕಡೆಗೇ ಬರುತ್ತಾಳೆ, ಆಗ “ನೋಡಿದಿರಾ, ಹೊಗಳಿದ್ದೇ ತಪ್ಪಾಯಿತು” ಎನ್ನುತ್ತೇವೆ.

ಇದರಲ್ಲಿ ನನಗೆ ತುಂಬಾ ಸಂಕಟ ತಂದ ಸಂಗತಿ ಒಂದಿದೆ. ಮೆಚ್ಚಿದವನಿಗೆ ಮಾರನೆಯ ದಿನ ನಿರಾಸೆ, ಗದರಿದವನಿಗೆ ಮಾರನೆಯ ದಿನ ಸಮಾಧಾನ. ಒಳ್ಳೆಯ ಮನಸ್ಸಿನವರೂ ವರ್ಷಗಳು ಕಳೆದಂತೆ ಸಿಡುಕರಾಗುವುದಕ್ಕೆ ಇಷ್ಟು ಸಾಕು. ಅವರು ಕೆಟ್ಟವರಾಗಿ ಹುಟ್ಟಿದ್ದಲ್ಲ. ಆಕಸ್ಮಿಕದ ಏರಿಳಿತವೇ ಅವರಿಗೆ ಕೋಪವನ್ನು ಕಲಿಸಿಕೊಟ್ಟಿದೆ.

ತಕ್ಷಣ ನಿಲ್ಲುತ್ತದೆ, ನಿಜ

ಇನ್ನೊಂದು ಭ್ರಮೆ ಹುಟ್ಟುವುದು ಕಾಲದಿಂದ. ಕೂಗಿದ ಕ್ಷಣದಲ್ಲಿ ಗಲಾಟೆ ನಿಲ್ಲುತ್ತದೆ, ಅದನ್ನು ಯಾರೂ ಅಲ್ಲಗಳೆಯಲಾರರು. ನಿಂತದ್ದು ಎಷ್ಟು ಹೊತ್ತು ನಿಂತೇ ಇರುತ್ತದೆ ಎಂಬುದನ್ನು ಮಾತ್ರ ನಾವು ಅಳೆಯುವುದಿಲ್ಲ.

ಬಿ. ಎಫ್. ಸ್ಕಿನ್ನರ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನು ಅಳೆದಿದ್ದರು. 1938ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಇಲಿಗಳು ಸನ್ನೆಕೋಲು ಒತ್ತಿದರೆ ತಿನಿಸು ಸಿಗುತ್ತಿತ್ತು. ಅದು ರೂಢಿಯಾದ ಮೇಲೆ ತಿನಿಸು ಕೊಡುವುದನ್ನು ನಿಲ್ಲಿಸಿದರು. ಕೆಲವು ಇಲಿಗಳಿಗೆ ಮೊದಲ ಕೆಲವು ನಿಮಿಷ, ಸನ್ನೆಕೋಲು ಒತ್ತಿದಾಗಲೆಲ್ಲ ಕಾಲಿಗೆ ಪೆಟ್ಟು. ಪೆಟ್ಟು ತಿಂದವು ಆ ಹೊತ್ತಿಗೆ ಒತ್ತುವುದನ್ನು ಕಡಿಮೆ ಮಾಡಿದವು. ಪೆಟ್ಟು ನಿಂತ ಮೇಲೆ ಮತ್ತೆ ಶುರು ಮಾಡಿ, ಕೊನೆಗೆ ಲೆಕ್ಕ ಹಾಕಿದಾಗ ಪೆಟ್ಟು ತಿನ್ನದ ಇಲಿಗಳಷ್ಟೇ ಸಲ ಒತ್ತಿದ್ದವು. 1944ರಲ್ಲಿ ವಿಲಿಯಂ ಎಸ್ಟೆಸ್ ವಿದ್ಯುತ್ ಆಘಾತ ಬಳಸಿ ನೋಡಿದಾಗಲೂ ಹೆಚ್ಚುಕಡಿಮೆ ಇದೇ ಕಂಡಿತು. ಶಿಕ್ಷೆ ಆ ಅಭ್ಯಾಸವನ್ನು ಅದುಮಿ ಹಿಡಿದಿತ್ತೇ ಹೊರತು ಅಳಿಸಿರಲಿಲ್ಲ. ಅದರ ಬದಲಿಗೆ ಏನು ಮಾಡಬೇಕು ಎಂಬುದನ್ನಂತೂ ಇಲಿಗೆ ಹೇಳಿಕೊಟ್ಟಿರಲೇ ಇಲ್ಲ.

ಶಿಕ್ಷೆ ಎಂದೂ ಫಲಿಸುವುದಿಲ್ಲ ಎಂದು ಹೇಳಿದರೆ ಅದೂ ಸುಳ್ಳಾಗುತ್ತದೆ. ನೇಥನ್ ಅಜ್ರಿನ್ ಮತ್ತು ವಿಲಿಯಂ ಹೋಲ್ಜ್ 1966ರಲ್ಲಿ ಪ್ರಾಣಿ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ, ಶಿಕ್ಷೆ ಗಟ್ಟಿಯಾಗಿ ಫಲಿಸುವ ಷರತ್ತುಗಳನ್ನು ಬರೆದಿಟ್ಟರು. ತಪ್ಪಾದ ತಕ್ಷಣ ಕೊಡಬೇಕು, ಪ್ರತಿ ತಪ್ಪಿಗೂ ಕೊಡಬೇಕು, ಮೊದಲ ಸಲವೇ ತೀವ್ರವಾಗಿರಬೇಕು, ತಪ್ಪಿಸಿಕೊಳ್ಳಲು ದಾರಿ ಇರಬಾರದು. ಈ ಪಟ್ಟಿ ಓದಿ ಒಂದು ಮನೆಯನ್ನೋ ಒಂದು ತರಗತಿಯನ್ನೋ ಕಣ್ಮುಂದೆ ತಂದುಕೊಳ್ಳಿ. ಇಪ್ಪತ್ತನಾಲ್ಕು ಗಂಟೆ ಕಾವಲು ಕೂತು, ಮೊದಲ ತಪ್ಪಿಗೇ ಅತಿ ಕಠಿಣವಾಗಿ ನಡೆದುಕೊಂಡರೆ ಮಾತ್ರ ಆಗುವ ಕೆಲಸ ಇದು. ಅಂಥ ಜಾಗಕ್ಕೆ ಜೈಲು ಎಂದು ಹೆಸರು. ನಿಜಜೀವನದಲ್ಲಿ ನಾವು ಕೊಡುವ ಶಿಕ್ಷೆ ತಡವಾಗಿ ಬರುತ್ತದೆ, ನಮ್ಮ ಮನಸ್ಸು ಕೆಟ್ಟ ದಿನ ಜೋರಾಗಿ ಬರುತ್ತದೆ, ನಾವು ದಣಿದ ದಿನ ಬರುವುದೇ ಇಲ್ಲ. ಕಲಿಯುವವರು ಇದರಿಂದ ಕಲಿಯುವುದು ನಮ್ಮ ಮುಖ ಓದುವುದನ್ನು.

ಆದರೂ ಬೈಗುಳ ಮುಂದುವರಿಯುತ್ತದೆ, ಏಕೆಂದರೆ ಬೈದಾಗ ನಿಜವಾದ ಬಹುಮಾನ ಸಿಗುವುದು ಬೈದವರಿಗೆ. ಕೂಗಿದೆ, ಮೌನವಾಯಿತು, ನನಗೆ ಹಾಯೆನಿಸಿತು. ಮುಂದಿನ ಸಲ ಕೂಗು ಇನ್ನೂ ಬೇಗ ಬರುತ್ತದೆ. ಎದುರಿಗಿರುವವರಿಗೆ ಅದು ಅಭ್ಯಾಸವಾದ ಹಾಗೆ ಸದ್ದು ಏರಬೇಕಾಗುತ್ತದೆ. ಇಂದು ಸಾಕಾದ ಗದರಿಕೆ ಆರು ತಿಂಗಳಿಗೆ ಸಾಲುವುದಿಲ್ಲ. ದಂಡಂ ದಶಗುಣಂ ಎನ್ನುತ್ತೇವೆ, ಹತ್ತು ಪಟ್ಟು ಬೆಳೆಯುವುದು ದಂಡದ ಪ್ರಮಾಣವೇ ಇರಬೇಕು ಎಂದು ಒಮ್ಮೊಮ್ಮೆ ನನಗೆ ತೋರುತ್ತದೆ.

ಮಕ್ಕಳ ಮೇಲೆ ಕೈ ಮಾಡುವ ವಿಷಯದಲ್ಲಿ ದೊಡ್ಡ ಲೆಕ್ಕವೇ ಇದೆ. ಎಲಿಜಬೆತ್ ಗರ್ಷಾಫ್ ಮತ್ತು ಆಂಡ್ರ್ಯೂ ಗ್ರೋಗನ್-ಕೇಲರ್ 2016ರಲ್ಲಿ 75 ಅಧ್ಯಯನಗಳನ್ನು, ಒಟ್ಟು 1,60,927 ಮಕ್ಕಳ ಮಾಹಿತಿಯನ್ನು ಒಟ್ಟಿಗೆ ಪರಿಶೀಲಿಸಿದರು. ಪೆಟ್ಟು ಹೆಚ್ಚಾದಷ್ಟೂ ಆಕ್ರಮಣಶೀಲತೆ, ಮಾನಸಿಕ ತೊಂದರೆ, ತಂದೆತಾಯಿಯೊಂದಿಗೆ ಕೆಟ್ಟ ಸಂಬಂಧ ಇವೆಲ್ಲ ಹೆಚ್ಚು ಕಂಡವು. ಮಕ್ಕಳು ಹೆಚ್ಚು ಹೇಳಿದ ಮಾತು ಕೇಳುವವರಾದರು ಎಂಬುದಕ್ಕೆ ಆಧಾರ ಸಿಗಲಿಲ್ಲ. ತುಂಟ ಮಕ್ಕಳಿಗೇ ಪೆಟ್ಟು ಹೆಚ್ಚು ಬೀಳುವುದರಿಂದ ಯಾವುದು ಕಾರಣ, ಯಾವುದು ಪರಿಣಾಮ ಎಂದು ಬಿಡಿಸುವುದು ಕಷ್ಟ ಎಂಬ ಆಕ್ಷೇಪ ಇದ್ದೇ ಇದೆ, ಅದು ನ್ಯಾಯವಾದ ಆಕ್ಷೇಪ. ಆದರೆ ಪೆಟ್ಟು ಒಳ್ಳೆಯದು ಮಾಡುತ್ತದೆ ಎನ್ನುವವರು ತೋರಿಸಬೇಕಾದ ಒಳ್ಳೆಯದು ಅಷ್ಟು ಮಕ್ಕಳಲ್ಲಿ ಹುಡುಕಿದರೂ ಸಿಗಲಿಲ್ಲ ಎಂಬುದೂ ಅಷ್ಟೇ ನಿಜ.

ಹೆದರಿದ ತಲೆಯಲ್ಲಿ ಜಾಗ ಇರುವುದಿಲ್ಲ

1908ರಲ್ಲಿ ರಾಬರ್ಟ್ ಯರ್ಕ್ಸ್ ಮತ್ತು ಜಾನ್ ಡಾಡ್ಸನ್ ಇಲಿಮರಿಗಳಂಥ ಪುಟ್ಟ ಇಲಿಗಳಿಗೆ ಎರಡು ಪೆಟ್ಟಿಗೆಗಳ ನಡುವಣ ವ್ಯತ್ಯಾಸ ಗುರುತಿಸಲು ಕಲಿಸಿದರು. ತಪ್ಪು ಪೆಟ್ಟಿಗೆಗೆ ಹೋದರೆ ವಿದ್ಯುತ್ ಆಘಾತ. ವ್ಯತ್ಯಾಸ ಎದ್ದು ಕಾಣುವಂತಿದ್ದಾಗ ಆಘಾತ ಜೋರಾದಷ್ಟೂ ಕಲಿಕೆ ಬೇಗ ಆಯಿತು. ವ್ಯತ್ಯಾಸ ಸೂಕ್ಷ್ಮವಾದಾಗ ಜೋರು ಆಘಾತ ಕಲಿಕೆಯನ್ನು ನಿಧಾನ ಮಾಡಿತು.

ಮನುಷ್ಯರ ಅನುಭವವೂ ಬೇರೆಯಲ್ಲ. ಭಾರ ಎತ್ತಲು, ಓಡಲು, ಹೇಳಿದ್ದನ್ನು ಹೇಳಿದ ಹಾಗೆ ಮಾಡಲು ಭಯ ಅಡ್ಡಿ ಬರದಿರಬಹುದು. ಯೋಚಿಸಿ ಮಾಡಬೇಕಾದ ಕೆಲಸಕ್ಕೆ ಅಡ್ಡಿ ಬರುತ್ತದೆ. ಒಂದು ಲೆಕ್ಕ ಬಿಡಿಸುವಾಗ ದಶಕ ಎಷ್ಟು, ಮುಂದಿನ ಹೆಜ್ಜೆ ಏನು ಎಂಬುದನ್ನೆಲ್ಲ ಮನಸ್ಸು ಆ ಹೊತ್ತಿಗೆ ಹಿಡಿದಿಟ್ಟುಕೊಳ್ಳಬೇಕು. ಆ ಜಾಗ ತೀರಾ ಚಿಕ್ಕದು. ಪಕ್ಕದಲ್ಲಿ ಒಬ್ಬರು ಹಲ್ಲು ಕಡಿಯುತ್ತಾ ನಿಂತಿದ್ದರೆ ಅದರಲ್ಲಿ ಅರ್ಧ “ಈಗ ಬೈತಾರಾ?” ಎಂಬುದಕ್ಕೇ ಹೋಗುತ್ತದೆ. ನಿನ್ನೆ ಸಲೀಸಾಗಿ ಬಂದ ಮಗ್ಗಿ ಇಂದು ಬರುವುದಿಲ್ಲ. “ಇಷ್ಟೂ ಗೊತ್ತಾಗಲ್ವಾ?” ಎಂದು ಕೂಗಿದ ಕ್ಷಣದಲ್ಲಿ ಆ ಮಗುವಿಗೆ ನಿಜವಾಗಿಯೂ ಗೊತ್ತಾಗುತ್ತಿರುವುದಿಲ್ಲ. ಆ ಪ್ರಶ್ನೆಯೇ ಅದನ್ನು ಮರೆಸಿರುತ್ತದೆ.

ಕಾಣದ ತಪ್ಪನ್ನು ತಿದ್ದುವುದು ಹೇಗೆ?

ಇಷ್ಟು ಹೇಳಿದ ಮೇಲೂ, ನನ್ನ ಮಟ್ಟಿಗೆ ಕೋಪದ ವಿರುದ್ಧ ಇರುವ ಅತಿ ಗಟ್ಟಿ ಕಾರಣ ಇದ್ಯಾವುದೂ ಅಲ್ಲ. ಅದು ಆ ಹುಡುಗ ಹೇಳಿದ ಒಂದು ಸಾಲು. ಕಲಿಸುವವರ ಕೆಲಸಕ್ಕೆ ಬೇಕಾದ ಕಚ್ಚಾ ಸಾಮಗ್ರಿ ತಪ್ಪು. ತಪ್ಪು ಕಂಡರೆ ತಾನೇ ತಿದ್ದುವುದು? ಕೋಪ ಮೊದಲು ಮಾಡುವ ಕೆಲಸ ತಪ್ಪನ್ನು ನಮ್ಮ ಕಣ್ಣಿಂದ ಮರೆಮಾಡುವುದು.

ಏಮಿ ಎಡ್ಮಂಡ್‌ಸನ್ ಎಂಬ ಸಂಶೋಧಕಿ 1990ರ ದಶಕದಲ್ಲಿ ಆಸ್ಪತ್ರೆಗಳ ಶುಶ್ರೂಷಾ ತಂಡಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡುತ್ತಿದ್ದರು. ಒಗ್ಗಟ್ಟಾಗಿರುವ, ಒಳ್ಳೆಯ ಮುಖ್ಯಸ್ಥರಿರುವ ತಂಡಗಳಲ್ಲಿ ತಪ್ಪು ಕಡಿಮೆ ಇರಬೇಕು ಎಂಬುದು ಅವರ ಎಣಿಕೆ. ಅಂಕಿಅಂಶ ತಿರುಗಾಮುರುಗಾ ಬಂತು: ಒಳ್ಳೆಯ ತಂಡಗಳಲ್ಲೇ ತಪ್ಪಿನ ದಾಖಲೆ ಹೆಚ್ಚು. ಹತ್ತಿರದಿಂದ ನೋಡಿದಾಗ ಕಾರಣ ತಿಳಿಯಿತು. ಆ ತಂಡಗಳಲ್ಲಿ ನರ್ಸ್‌ಗಳು ತಪ್ಪನ್ನು ಬಾಯಿಬಿಟ್ಟು ಹೇಳುತ್ತಿದ್ದರು. ಮುಖ್ಯಸ್ಥರು ಗದರುವ ತಂಡಗಳಲ್ಲಿ ತಪ್ಪು ಕಾಗದದ ಮೇಲೆ ಬರುತ್ತಲೇ ಇರಲಿಲ್ಲ. ಅಂಕಿಅಂಶವನ್ನಷ್ಟೇ ನೋಡಿದ ಮೇಲಧಿಕಾರಿ ಯಾವ ತಂಡಕ್ಕೆ ಬಹುಮಾನ ಕೊಟ್ಟಿರುತ್ತಿದ್ದರು, ಯೋಚಿಸಿ.

ಇದೇ ಸಂಗತಿಯನ್ನು ವಿಮಾನಯಾನ ಬಹಳ ದೊಡ್ಡ ಬೆಲೆ ತೆತ್ತು ಕಲಿತಿತು. 1974ರ ಡಿಸೆಂಬರ್ 1ರಂದು ಟಿಡಬ್ಲ್ಯೂಎ ಎಂಬ ವಿಮಾನಯಾನ ಸಂಸ್ಥೆಯ 514 ಸಂಖ್ಯೆಯ ವಿಮಾನ ಅಮೆರಿಕದ ವರ್ಜೀನಿಯಾದಲ್ಲಿ ಇಳಿಯುವ ದಾರಿಯಲ್ಲಿ ಬೆಟ್ಟಕ್ಕೆ ಬಡಿಯಿತು. ಅದರಲ್ಲಿದ್ದ 92 ಜನರೂ ಸತ್ತರು. ಇಳಿಯುವ ಸೂಚನೆಯ ಅರ್ಥದಲ್ಲಿ ಗೊಂದಲವಾಗಿ ವಿಮಾನ ತೀರಾ ಬೇಗ ಕೆಳಕ್ಕೆ ಬಂದಿತ್ತು. ತನಿಖೆಯಲ್ಲಿ ಹೊರಬಂದ ಇನ್ನೊಂದು ವಿಷಯ: ಸುಮಾರು ಆರು ವಾರಗಳ ಹಿಂದೆ ಮತ್ತೊಂದು ಸಂಸ್ಥೆಯ ವಿಮಾನ ಅದೇ ಜಾಗದಲ್ಲಿ, ಅದೇ ಗೊಂದಲದಿಂದ, ಕೂದಲೆಳೆಯಲ್ಲಿ ಪಾರಾಗಿತ್ತು. ಆ ಸಂಸ್ಥೆಯ ಪೈಲಟ್‌ಗಳಿಗೆ ಎಚ್ಚರಿಕೆ ಹೋಗಿತ್ತು, ಹೊರಗಿನವರಿಗೆ ತಿಳಿದಿರಲಿಲ್ಲ. ಇದಾದ ಮೇಲೆ 1976ರಲ್ಲಿ ಒಂದು ವರದಿ ವ್ಯವಸ್ಥೆ ಬಂತು. ಪೈಲಟ್ ತನ್ನ ತಪ್ಪನ್ನು ತಾನೇ ಬರೆದು ಕಳಿಸಬಹುದು. ದಂಡ ಹಾಕುವ ಅಧಿಕಾರವಿರುವ ವಿಮಾನಯಾನ ಆಡಳಿತಕ್ಕೆ ಅದು ಹೋಗುವುದಿಲ್ಲ, ಹೋಗುವುದು ನಾಸಾಕ್ಕೆ. ನಾಸಾ ಹೆಸರು ತೆಗೆದುಹಾಕಿ ತಪ್ಪನ್ನಷ್ಟೇ ಎಲ್ಲರಿಗೂ ಹಂಚುತ್ತದೆ. ಹತ್ತು ದಿನದೊಳಗೆ ಹೀಗೆ ಬರೆದವರಿಗೆ, ಅರಿಯದೆ ಆದ ತಪ್ಪಾಗಿದ್ದರೆ, ದಂಡದಿಂದ ರಕ್ಷಣೆಯೂ ಉಂಟು. ಬೇಕೆಂದೇ ನಿಯಮ ಮುರಿದವರಿಗೆ, ಅಪರಾಧ ಮಾಡಿದವರಿಗೆ ಆ ರಕ್ಷಣೆ ಇಲ್ಲ.

ಜೀವಗಳ ಹೊಣೆ ಹೊತ್ತ, ಶಿಸ್ತಿಗೆ ಹೆಸರಾದ ಒಂದು ಉದ್ಯೋಗವೇ ತಪ್ಪೊಪ್ಪಿಕೊಂಡವರನ್ನು ದಂಡಿಸುವುದಿಲ್ಲ ಎಂದು ನಿರ್ಧರಿಸಿದೆ. ಅದು ದಯೆಯಿಂದ ತೆಗೆದುಕೊಂಡ ತೀರ್ಮಾನ ಅಲ್ಲ. ಮುಂದಿನ ವಿಮಾನ ಬೀಳಬಾರದು ಎಂಬ ಲೆಕ್ಕಾಚಾರ.

ಹಿರಿಯರು ಎದುರಿಗಿಲ್ಲದಾಗ ಏನಾಗುತ್ತದೆ ಎಂಬುದನ್ನೂ ಕೆಲವರು ನೋಡಿದ್ದಾರೆ. 1939ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕರ್ಟ್ ಲೆವಿನ್, ರೊನಾಲ್ಡ್ ಲಿಪಿಟ್ ಮತ್ತು ರಾಲ್ಫ್ ವೈಟ್ ಹತ್ತು ವರ್ಷದ ಆಸುಪಾಸಿನ ಹುಡುಗರ ಕೂಟಗಳನ್ನು ಮಾಡಿ, ಮುಖವಾಡ ತಯಾರಿಯಂಥ ಕೆಲಸ ಕೊಟ್ಟರು. ಎಲ್ಲವನ್ನೂ ತಾನೇ ಹೇಳಿ ಮಾಡಿಸುವ ದರ್ಪದ ನಾಯಕ ಕೋಣೆಯಿಂದ ಹೊರಗೆ ಕಾಲಿಟ್ಟ ಕೂಡಲೇ ಅವನ ಕೂಟದ ಕೆಲಸ ಕುಸಿಯಿತು. ಹುಡುಗರೊಂದಿಗೆ ಚರ್ಚಿಸಿ, ಜೊತೆಯಲ್ಲಿ ಕೂತು ಮಾಡಿಸುವ ನಾಯಕ ಹೊರಗೆ ಹೋದಾಗ ಕೆಲಸ ಹೆಚ್ಚುಕಡಿಮೆ ಹಾಗೇ ಸಾಗಿತು. ಏನೂ ಹೇಳದೆ ಸುಮ್ಮನೆ ಬಿಟ್ಟ ನಾಯಕನ ಕೂಟದಲ್ಲಿ ಅವನಿದ್ದಾಗಲೂ ಕೆಲಸ ಸರಿಯಾಗಿ ನಡೆಯಲಿಲ್ಲ. ಈ ಕೊನೆಯ ಸಾಲು ಮುಖ್ಯ. ಕೋಪ ಬಿಡುವುದು ಎಂದರೆ ಕೈಬಿಡುವುದು ಎಂದು ತಿಳಿದವರಿದ್ದಾರೆ.

1925ರಲ್ಲಿ ಎಲಿಜಬೆತ್ ಹರ್ಲಾಕ್ ಎಂಬುವರು ಶಾಲಾ ಮಕ್ಕಳಿಗೆ ದಿನವೂ ಕೂಡುವ ಲೆಕ್ಕ ಕೊಟ್ಟು ಒಂದು ಗುಂಪನ್ನು ಹೊಗಳಿದರು, ಒಂದನ್ನು ಬೈದರು, ಮತ್ತೊಂದನ್ನು ಅದೇ ಕೋಣೆಯಲ್ಲಿ ಕೂರಿಸಿ ಕಡೆಗಣಿಸಿದರು. ಬೈಸಿಕೊಂಡವರೂ ಮೊದಲಿಗೆ ಸುಧಾರಿಸಿದರು, ಆಮೇಲೆ ಇಳಿದರು. ಹೊಗಳಿಸಿಕೊಂಡವರು ಏರುತ್ತಲೇ ಹೋದರು. ಆ ಕೋಣೆಯಲ್ಲಿ ಎಲ್ಲರಿಗಿಂತ ಹಿಂದುಳಿದವರು ಕಡೆಗಣಿಸಿಕೊಂಡವರು. ಬೈಯದೆ, ಮಾತೂ ಆಡದೆ ಮುಖ ತಿರುಗಿಸಿಕೊಂಡು ಓಡಾಡುವುದೂ ಶಿಕ್ಷೆಯೇ. ಬಹುಶಃ ಅದೇ ಹೆಚ್ಚು ಕಟುವಾದದ್ದು.

ಹಾಗಾದರೆ ಹೊಗಳಬೇಕೇ?

ಇಲ್ಲಿ ಎಚ್ಚರ ಬೇಕು. ಪ್ರೋತ್ಸಾಹ ಬೇರೆ, ಹೊಗಳಿಕೆ ಬೇರೆ. ಹೊಗಳಿ ಹೊನ್ನಶೂಲಕ್ಕೇರಿಸುವುದು ಎಂಬ ನುಡಿ ನಮ್ಮಲ್ಲಿ ಸುಮ್ಮನೆ ಹುಟ್ಟಿಲ್ಲ.

1998ರಲ್ಲಿ ಕ್ಲಾಡಿಯಾ ಮ್ಯೂಲರ್ ಮತ್ತು ಕೆರೊಲ್ ಡ್ವೆಕ್ ಐದನೇ ತರಗತಿಯ ಮಕ್ಕಳಿಗೆ ಆಕೃತಿಗಳ ಒಗಟು ಕೊಟ್ಟರು. ಬಿಡಿಸಿದ ಮೇಲೆ ಕೆಲವರಿಗೆ “ನೀನು ಬಹಳ ಜಾಣ” ಎಂದೂ, ಕೆಲವರಿಗೆ “ತುಂಬಾ ಶ್ರಮ ಹಾಕಿದ್ದೀಯ” ಎಂದೂ ಅರ್ಥ ಬರುವಂತೆ ಹೇಳಿದರು. ಆಮೇಲೆ ಬಹಳ ಕಷ್ಟದ ಒಗಟುಗಳನ್ನು ಕೊಟ್ಟು, ಕೊನೆಗೆ ಮತ್ತೆ ಮೊದಲಿನಷ್ಟೇ ಸುಲಭದ್ದನ್ನು ಕೊಟ್ಟರು. ಜಾಣರೆನಿಸಿಕೊಂಡವರು ಕೊನೆಯಲ್ಲಿ ತಮ್ಮ ಮೊದಲ ಮಟ್ಟಕ್ಕಿಂತ ಕೆಳಗಿಳಿದರು. ಶ್ರಮ ಗುರುತಿಸಿಕೊಂಡವರು ಮೇಲೇರಿದರು. ಬೇರೆ ಶಾಲೆಯ ಮಕ್ಕಳಿಗೆ ನಿನ್ನ ಅಂಕ ಬರೆದು ತಿಳಿಸು ಎಂದಾಗ, ಜಾಣರೆನಿಸಿಕೊಂಡವರಲ್ಲಿ ಸುಳ್ಳು ಅಂಕ ಬರೆದವರು ಹೆಚ್ಚು. ಜಾಣ ಎಂಬ ಪಟ್ಟ ಸಿಕ್ಕ ಮೇಲೆ ತಪ್ಪು ಮಾಡಿದರೆ ಪಟ್ಟ ಹೋಗುತ್ತದೆ. ಹಾಗಾಗಿ ತಪ್ಪನ್ನು ಬಚ್ಚಿಡಬೇಕು. ನೋಡಿ, ಬೈಗುಳ ಕರೆದೊಯ್ದ ಜಾಗಕ್ಕೇ ಈ ಹೊಗಳಿಕೆಯೂ ಬಂದು ನಿಂತಿತು.

ಬಹುಮಾನದ ಆಸೆ ಹುಟ್ಟಿಸುವುದಕ್ಕೂ ತನ್ನದೇ ತೊಂದರೆ ಇದೆ. 1973ರಲ್ಲಿ ಮಾರ್ಕ್ ಲೆಪರ್ ಮತ್ತು ಸಂಗಡಿಗರು ಚಿತ್ರ ಬರೆಯುವುದೆಂದರೆ ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಲ್ಲಿ ಕೆಲವರಿಗೆ, ಬರೆದರೆ ಪ್ರಶಸ್ತಿಪತ್ರ ಕೊಡುತ್ತೇವೆ ಎಂದು ಮೊದಲೇ ಹೇಳಿದರು. ಕೊಟ್ಟರು ಕೂಡ. ಕೆಲದಿನ ಬಿಟ್ಟು ನೋಡಿದರೆ, ಆ ಮಕ್ಕಳು ಉಳಿದವರಿಗಿಂತ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಬಣ್ಣದ ಪೆನ್ನು ಹಿಡಿಯುತ್ತಿದ್ದರು.

ಹಾಗಿದ್ದರೆ ಪ್ರೋತ್ಸಾಹ ಎಂದರೇನು? ನನಗೆ ಸಿಕ್ಕ ಅತ್ಯಂತ ಸ್ಪಷ್ಟ ಉದಾಹರಣೆ ಡೇವಿಡ್ ಯೇಗರ್, ಜೆಫ್ರಿ ಕೋಹೆನ್ ಮತ್ತಿತರರು 2014ರಲ್ಲಿ ಪ್ರಕಟಿಸಿದ್ದು. ಏಳನೇ ತರಗತಿಯ ಮಕ್ಕಳು ಒಂದು ಪ್ರಬಂಧ ಬರೆದರು. ಶಿಕ್ಷಕರು ಎಂದಿನಂತೆ ತಪ್ಪುಗಳನ್ನೆಲ್ಲ ಗುರುತಿಸಿ, ಟೀಕೆ ಬರೆದು ಹಿಂದಿರುಗಿಸಿದರು. ಪ್ರತಿಯೊಂದಕ್ಕೂ ಒಂದು ಚೀಟಿ ಅಂಟಿಸಿತ್ತು. ಅರ್ಧ ಮಕ್ಕಳ ಚೀಟಿಯಲ್ಲಿ, ನಿಮ್ಮ ಬರವಣಿಗೆಯ ಬಗ್ಗೆ ಅಭಿಪ್ರಾಯ ತಿಳಿಯಲಿ ಎಂದು ಈ ಟಿಪ್ಪಣಿ ಬರೆದಿದ್ದೇನೆ ಎಂಬ ಅರ್ಥದ ಮಾತು. ಉಳಿದರ್ಧದಲ್ಲಿ, ನಿಮ್ಮಿಂದ ಬಹಳ ನಿರೀಕ್ಷೆ ಇಟ್ಟುಕೊಂಡಿದ್ದೇನೆ, ನೀವು ಅದನ್ನು ಮುಟ್ಟಬಲ್ಲಿರಿ ಎಂದೂ ಗೊತ್ತು, ಅದಕ್ಕೇ ಈ ಟಿಪ್ಪಣಿ ಬರೆದಿದ್ದೇನೆ ಎಂಬ ಅರ್ಥದ ಮಾತು. ಯಾವ ಚೀಟಿ ಯಾರಿಗೆ ಹೋಯಿತು ಎಂಬುದು ಶಿಕ್ಷಕರಿಗೂ ತಿಳಿಯದಂತೆ ಮಾಡಿದ್ದರು. ಎರಡನೆಯ ಚೀಟಿ ಸಿಕ್ಕವರಲ್ಲಿ ಪ್ರಬಂಧ ತಿದ್ದಿ ಮತ್ತೆ ಬರೆದವರು ಹೆಚ್ಚು. ಶಾಲೆ ತಮ್ಮನ್ನು ಕೀಳಾಗಿ ಕಾಣುತ್ತದೆ ಎಂಬ ಅನುಮಾನ ಇದ್ದ ಕಪ್ಪು ಜನಾಂಗದ ಮಕ್ಕಳಲ್ಲಂತೂ ತಿದ್ದಿ ಬರೆದವರ ಪ್ರಮಾಣ ಶೇ. 17ರಿಂದ ಶೇ. 70ರ ಮೇಲಕ್ಕೆ ಹೋಯಿತು. ಅದು ಚಿಕ್ಕ ಗುಂಪು, ಎಲ್ಲೆಡೆ ಇಷ್ಟೇ ಆಗುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ಅಲ್ಲಿ ಒಂದೇ ಒಂದು ಟೀಕೆಯನ್ನೂ ಕಡಿಮೆ ಮಾಡಿರಲಿಲ್ಲ, ಹೊಗಳಿಕೆಯನ್ನು ಸೇರಿಸಿರಲಿಲ್ಲ ಎಂಬುದನ್ನು ಗಮನಿಸಿ. ತಪ್ಪು ತೋರಿಸಿದ್ದು ಯಾಕೆ ಎಂಬುದು ಮಗುವಿಗೆ ತಿಳಿಯಿತು, ಅಷ್ಟೇ ಬದಲಾವಣೆ.

ಆಸ್ಟ್ರಿಯಾದ ಮನೋವೈದ್ಯ ಆಲ್‌ಫ್ರೆಡ್ ಆಡ್ಲರ್ ಮತ್ತು ಅವರ ಶಿಷ್ಯ ರುಡಾಲ್ಫ್ ಡ್ರೈಕರ್ಸ್ ಈ ದಿಕ್ಕಿನಲ್ಲಿ ಮೊದಲೇ ಯೋಚಿಸಿದ್ದರು. ತಂಟೆ ಮಾಡುವ ಮಗು ಎಂದರೆ ಧೈರ್ಯ ಕುಂದಿದ ಮಗು ಎಂಬುದು ಡ್ರೈಕರ್ಸ್ ಅವರ ನಿಲುವು. ಹೊಗಳಿಕೆ ಬರುವುದು ಕೆಲಸ ಗೆದ್ದ ಮೇಲೆ. ಪ್ರೋತ್ಸಾಹ ಬೇಕಾಗುವುದು ಕೆಲಸ ಕೈಕೊಟ್ಟಾಗ. ಆ ಹೊತ್ತಿನಲ್ಲಿ “ಪರವಾಗಿಲ್ಲ ಬಿಡು” ಎಂದರೆ ಕೆಲಸಕ್ಕೆ ಬೆಲೆ ಇಲ್ಲ ಎಂದಂತಾಗುತ್ತದೆ. “ಮೊದಲ ಎರಡು ಹೆಜ್ಜೆ ಸರಿ ಇದೆ, ಮೂರನೆಯದರಲ್ಲಿ ದಾರಿ ತಪ್ಪಿದೆ, ಅಲ್ಲಿಂದ ಇನ್ನೊಮ್ಮೆ ನೋಡೋಣ” ಎಂದರೆ ಅವರ ಕೈಗೆ ಹಿಡಿಯಲು ಏನೋ ಒಂದು ಸಿಗುತ್ತದೆ. ಸರಿ ಇರುವುದನ್ನು ಹುಡುಕಿ ಹೇಳಲು ಅವರ ಕೆಲಸವನ್ನು ನಿಜವಾಗಿ ಓದಬೇಕಾಗುತ್ತದೆ. ಬೈಯಲು ಓದಬೇಕಾಗಿಲ್ಲ. ಪ್ರೋತ್ಸಾಹ ಕಷ್ಟದ ಕೆಲಸ ಎನಿಸುವುದು ಬಹುಮಟ್ಟಿಗೆ ಇದಕ್ಕೇ.

ಮಿತಿಗಳು

ಮಗು ರಸ್ತೆಗೆ ಓಡುತ್ತಿದ್ದರೆ ಕೂಗಲೇಬೇಕು. ಅದು ಶಿಕ್ಷೆಯಾಗುವುದಿಲ್ಲ, ಎಚ್ಚರಿಕೆ. ಒಬ್ಬ ಇನ್ನೊಬ್ಬನನ್ನು ಹಿಂಸಿಸುತ್ತಿದ್ದರೆ ತಕ್ಷಣ ತಡೆಯಬೇಕು, ಅಲ್ಲಿ ಮೊದಲ ಕರ್ತವ್ಯ ಹಿಂಸೆಗೆ ಒಳಗಾದವರ ಕಡೆಗೆ. ಮಾಡಿದ್ದಕ್ಕೆ ತಕ್ಕ ಪರಿಣಾಮ ಅನುಭವಿಸುವುದೂ ಇರಬೇಕು, ಆದರೆ ಅದು ಮಾಡಿದ ಕೆಲಸಕ್ಕೆ ನಂಟಿರುವಂಥದ್ದಾಗಬೇಕು. ಚೆಲ್ಲಿದವರು ಒರೆಸುವುದು, ತಪ್ಪು ಬರೆದವರು ತಿದ್ದಿ ಬರೆಯುವುದು, ಮಾತಿನಿಂದ ನೋಯಿಸಿದವರು ಹೋಗಿ ಮಾತಾಡಿ ಸರಿಪಡಿಸುವುದು. ಚೆಲ್ಲಿದ್ದಕ್ಕೆ ಆಟ ಬಂದ್ ಮಾಡಿದರೆ ಅದು ನಮ್ಮ ಸಿಟ್ಟು ತೀರಿಸಿಕೊಂಡಂತೆ, ಒರೆಸಲು ಅವರಿಗೆ ಬರುವುದಿಲ್ಲ. 1960ರ ದಶಕದಲ್ಲಿ ಡಯಾನಾ ಬೌಮ್ರಿಂಡ್ ಪೋಷಕರನ್ನು ಅಧ್ಯಯನ ಮಾಡಿದಾಗಲೂ ಮಕ್ಕಳು ಚೆನ್ನಾಗಿ ಬೆಳೆದದ್ದು ಅಕ್ಕರೆ ಮತ್ತು ಕಟ್ಟುನಿಟ್ಟು ಎರಡೂ ಇದ್ದ ಮನೆಗಳಲ್ಲಿ.

ಕೋಪ ಬರುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ನನಗೆ ಈಗಲೂ ಬರುತ್ತದೆ. ಹೆಚ್ಚಿನ ಸಲ ಅದರ ಅಡಿಯಲ್ಲಿ ಇರುವುದು ಅಂಜಿಕೆ ಎಂದು ಗಮನಿಸಿದ್ದೇನೆ: ಈ ಮಗು ಹಿಂದೆ ಬಿದ್ದರೆ, ಈ ಕೆಲಸ ಹೊತ್ತಿಗೆ ಮುಗಿಯದಿದ್ದರೆ, ನನ್ನ ಹೆಸರು ಕೆಟ್ಟರೆ. ಆ ಅಂಜಿಕೆಯನ್ನೇ ನೇರವಾಗಿ ಹೇಳಿಬಿಡಬಹುದು. “ನಾಳೆ ಇದು ಹೋಗಲೇಬೇಕು, ನನಗೆ ಆತಂಕ ಆಗ್ತಿದೆ, ಹೇಗೆ ಮುಗಿಸೋಣ ಹೇಳು” ಎಂಬ ಮಾತಿಗೆ ಉತ್ತರ ಬರುತ್ತದೆ. “ನಿಮಗೆಲ್ಲ ಯಾಕೆ ಬೇಕು ಈ ಕೆಲಸ” ಎಂಬುದಕ್ಕೆ ಬರುವುದು ತಗ್ಗಿದ ತಲೆ.

ಬೈದಾಗಿದೆ, ಈಗೇನು?

ಇದನ್ನು ಓದುತ್ತಿರುವವರಲ್ಲಿ ಇವತ್ತೇ ಯಾರ ಮೇಲೋ ಕೂಗಾಡಿ ಬಂದವರು ಇರಬಹುದು. ಅವರಿಗೆ ನನ್ನ ಅನುಭವದಿಂದ ಹೇಳುವುದಿದೆ.

ಹಿಂದಿರುಗಿ ಹೋಗಿ. ತಪ್ಪನ್ನೂ ಕೂಗಾಟವನ್ನೂ ಬೇರೆ ಬೇರೆ ಮಾಡಿ. “ಆ ಲೆಕ್ಕ ತಪ್ಪಾಗಿದ್ದು ನಿಜ, ಅದನ್ನು ಸರಿಮಾಡಬೇಕು. ಆದರೆ ನಾನು ಹಾಗೆ ಮಾತಾಡಬಾರದಿತ್ತು” ಎಂದರೆ ಸಾಕು. “ನೀನು ಹಾಗೆ ಮಾಡಿದ್ದಕ್ಕೇ ನಾನು ಕೂಗಿದ್ದು” ಎಂದು ಬಾಲ ಸೇರಿಸಬೇಡಿ. ಎಲ್ಲರೆದುರು ಬೈದಿದ್ದರೆ ಈ ಮಾತನ್ನೂ ಎಲ್ಲರೆದುರೇ ಹೇಳಬೇಕು, ಅದು ಎಷ್ಟೇ ಕಷ್ಟವಾದರೂ. ಆ ಹುಡುಗನಿಗೆ ನಾನು ಹೀಗೆ ಹೇಳಿದಾಗ ಅವನು ಏನೂ ಉತ್ತರಿಸಲಿಲ್ಲ. ತಲೆಯಾಡಿಸಿ ತನ್ನ ಜಾಗಕ್ಕೆ ಹೋದ. ಕೆಲವು ವಾರ ಏನೂ ಬದಲಾದಂತೆ ಕಾಣಲಿಲ್ಲ. ಒಂದು ಸಲ ಸುಟ್ಟುಕೊಂಡವರು ಬೆಂಕಿ ಆರಿದೆ ಎಂದು ಬಾಯಿಮಾತಿನಲ್ಲಿ ಹೇಳಿದರೆ ನಂಬುವುದಿಲ್ಲ, ದೂರದಿಂದ ನೋಡುತ್ತಿರುತ್ತಾರೆ.

ಒಂದು ಸಂಜೆ, ಎಲ್ಲರೂ ಹೊರಡುವ ಹೊತ್ತಿಗೆ, ಅವನು ಒಂದು ಕಾಗದ ಹಿಡಿದು ನನ್ನ ಮೇಜಿನ ಬಳಿ ಬಂದು ನಿಂತ. “ಸರ್, ಇದೊಂದು ನನ್ನಿಂದ ತಪ್ಪಾಗಿದೆ ಅನ್ಸುತ್ತೆ.” ನನಗೆ ಗಂಟಲವರೆಗೆ ಏನೋ ಬಂತು, ನಿಜ ಹೇಳಬೇಕೆಂದರೆ ಅದು ಹಳೆಯ ರೇಗಾಟವೇ. ತಪ್ಪು ಚಿಕ್ಕದಾಗಿರಲಿಲ್ಲ. ಅವನ ಕಣ್ಣು ಕಾಗದದ ಮೇಲಿರಲಿಲ್ಲ, ನನ್ನ ಮುಖದ ಮೇಲಿತ್ತು. ಪಕ್ಕದ ಕುರ್ಚಿ ಎಳೆದು, “ಒಳ್ಳೇದಾಯ್ತು ಇವತ್ತೇ ತಂದೆ. ಕೂತ್ಕೋ, ನೋಡೋಣ” ಎಂದೆ.